ತಗ್ಗಿನ ಕಾರು: ಹತ್ತುವುದು ಹೇಗೆ, ಇಳಿಯುವುದು ಹೇಗೆ?

ಕಾರು ಹತ್ತುವುದು, ಕಾರಿನಿಂದ ಇಳಿಯುವುದು ಎಂದು ನಾವೆಲ್ಲ ಹೇಳುತ್ತೇವೆ. ಬಸ್ಸಿಗೂ ರೈಲಿಗೂ ಎತ್ತಿನ ಗಾಡಿಗೂ ಆ ಮಾತು ಸರಿಯೇ. ಆದರೆ ಸ್ಪೋರ್ಟ್ಸ್ ಕಾರು ಎಂಬ ತಗ್ಗಿನ ವಾಹನ ಇದೆಯಲ್ಲ, ಅದರ ಮಟ್ಟಿಗೆ ಈ ಎರಡು ಮಾತೂ ತಿರುಗುಮುರುಗು. ಒಳಗೆ ಹೋಗುವಾಗ ಬಾವಿಗೆ ಇಳಿದಂತೆ, ಹೊರಗೆ ಬರುವಾಗ ಬಾವಿಯಿಂದ ಹತ್ತಿ ಬಂದಂತೆ!

“ನಮಗೂ ಸ್ಪೋರ್ಟ್ಸ್ ಕಾರಿಗೂ ಏನು ಸಂಬಂಧ ರೀ? ನಮ್ಮೂರ ರಸ್ತೆಯಲ್ಲಿ ಅದು ಬಂದರೆ ಮೊದಲನೇ ಗುಂಡಿಯಲ್ಲೇ ಕೂತುಬಿಡುತ್ತೆ” ಎಂದು ನೀವು ನಗಬಹುದು. ನ್ಯಾಯವಾದ ಮಾತು. ಆದರೆ ಸ್ಪೋರ್ಟ್ಸ್ ಕಾರು ಅತ್ಯಂತ ಕಠಿಣವಾದ ಪರೀಕ್ಷೆ. ಅದರೊಳಗೆ ಸಲೀಸಾಗಿ ಕೂರುವ ಕ್ರಮ ಗೊತ್ತಾದರೆ ಅಳಿಯನ ಹೊಸ ಕಾರು, ಮದುವೆಗೆ ಗೊತ್ತು ಮಾಡಿದ ಬಾಡಿಗೆ ಕಾರು, ವಿದೇಶದಲ್ಲಿರುವ ಮಗಳ ಪುಟ್ಟ ಕಾರು, ಯಾವುದೂ ಭಯವಲ್ಲ.

ಭಯ ಎಂದೆನಲ್ಲ, ಅದು ಸುಳ್ಳಲ್ಲ. “ನೀವೆಲ್ಲ ಹೋಗಿ ಬನ್ನಿ, ನಾನು ಮನೇಲೇ ಇರ್ತೀನಿ” ಎನ್ನುವ ಎಷ್ಟು ಮಂದಿ ಅಮ್ಮಂದಿರಿಲ್ಲ! ಅವರಿಗೆ ಮದುವೆಮನೆ ಬೇಡವೆಂದಲ್ಲ, ದೇವಸ್ಥಾನ ಬೇಡವೆಂದೂ ಅಲ್ಲ. ಆ ಕಾರಿನ ಬಾಗಿಲು ಬೇಡ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಸಿಕ್ಕಿಕೊಂಡು, ಹತ್ತು ಜನ ನೋಡುತ್ತಿರುವಾಗ ಯಾರೋ ಕೈ ಹಿಡಿದು ಎಳೆಯುವ ಫಜೀತಿ ಬೇಡ. ಇದನ್ನು ಬಾಯಿಬಿಟ್ಟು ಹೇಳುವುದಕ್ಕೂ ಸಂಕೋಚ. “ನನಗೆ ವಯಸ್ಸಾಯ್ತು”, “ನಾನು ದಪ್ಪಗಾದೆ” ಎಂದು ತಮ್ಮನ್ನೇ ದೂರಿಕೊಂಡು ಸುಮ್ಮನಾಗುತ್ತಾರೆ. ಒಂದೊಂದಾಗಿ ಹೊರಗಿನ ಓಡಾಟ ನಿಂತುಹೋಗುತ್ತದೆ.

ಸೋದರಿಯರೇ, ತಪ್ಪು ವಯಸ್ಸಿನದಲ್ಲ, ತೂಕದ್ದೂ ಅಲ್ಲ. ಬಹಳಮಟ್ಟಿಗೆ ಅದು ಕ್ರಮದ ತಪ್ಪು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಯಾಕಪ್ಪಾ ಅಷ್ಟು ತಗ್ಗು?

ಎತ್ತರದ ಚೊಂಬನ್ನು ಬೆರಳಿನಿಂದ ತಳ್ಳಿದರೆ ಉರುಳುತ್ತದೆ. ಅಗಲವಾದ ಪರಾತವನ್ನು ತಳ್ಳಿ ನೋಡಿ, ಸರಿದೀತೇ ಹೊರತು ಉರುಳದು. ಕಾರಿನದೂ ಇದೇ ಕಥೆ. ಭಾರವೆಲ್ಲ ನೆಲಕ್ಕೆ ಹತ್ತಿರವಿದ್ದಷ್ಟೂ ವೇಗದ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ಜೊತೆಗೆ ಕಾರು ಕುಳ್ಳಗಿದ್ದರೆ ಎದುರುಗಾಳಿಗೆ ತಡೆಯೂ ಕಡಿಮೆ. ಓಟದ ಪಂದ್ಯಕ್ಕೆ ಕಾರು ಕಟ್ಟುವವರು ಅದಕ್ಕೇ ಅದನ್ನು ನೆಲಕ್ಕೆ ಅಮುಕುತ್ತಾ ಹೋದರು.

1964ರಲ್ಲಿ ಬಂದ ಫೋರ್ಡ್ ಜಿ.ಟಿ. 40 ಎಂಬ ಕಾರಿನ ಹೆಸರಿನಲ್ಲಿರುವ 40 ಅದರ ಎತ್ತರದ ಲೆಕ್ಕ. ನೆಲದಿಂದ ಚಾವಣಿಯವರೆಗೆ ಸುಮಾರು 40 ಅಂಗುಲ! ನಮ್ಮ ಅಡುಗೆಮನೆಯ ಕಟ್ಟೆಗಿಂತ ಒಂದು ಗೇಣು ಎತ್ತರವಿದ್ದರೆ ಹೆಚ್ಚು. ಬಾಗಿಲ ಜೊತೆಗೆ ಚಾವಣಿಯ ಒಂದು ತುಂಡೂ ತೆರೆದುಕೊಳ್ಳದಿದ್ದರೆ ಅದರೊಳಗೆ ಮನುಷ್ಯ ಹೋಗುವುದೇ ಕಷ್ಟವಿತ್ತು. ಹಾಗಾಗಿ ಬಾಗಿಲನ್ನು ಚಾವಣಿಯೊಳಕ್ಕೂ ಕೊರೆದು ಮಾಡಿದ್ದರು. ನಮ್ಮ ಹಳೆಯ ಅಂಬಾಸಿಡರ್ ಇದಕ್ಕೆ ನೇರ ವಿರುದ್ಧ. 2014ರಲ್ಲಿ ತಯಾರಿಕೆ ನಿಂತ ಆ ಕಾರು ಐದು ಅಡಿಗೂ ಎತ್ತರ. ಪೇಟ ಸುತ್ತಿದ ಯಜಮಾನರೂ ಅದರಲ್ಲಿ ಆರಾಮವಾಗಿ ಕೂರುತ್ತಿದ್ದರು. ಸೀಟು ಕುರ್ಚಿಯಂತೆ. ಕೂರುವುದನ್ನು ಯಾರೂ ಕಲಿಯಬೇಕಾಗಿರಲಿಲ್ಲ. ತಗ್ಗಿನ ಕಾರು ಮಾತ್ರ ಕಲಿತು ಕೂರಬೇಕಾದ ಕಾರು.

ತಗ್ಗಿನ ಜೊತೆಗೆ ಇನ್ನೊಂದು ಅಡ್ಡಿ ಇದೆ. ಅದು ಹೊಸ್ತಿಲು. ಬಾಗಿಲ ಕೆಳಗಿರುವ ಕಾರಿನ ಅಂಚು. ರಟ್ಟಿನ ಪೆಟ್ಟಿಗೆಯ ಪಕ್ಕವನ್ನು ಕತ್ತರಿಸಿದರೆ ಪೆಟ್ಟಿಗೆ ಸೊಟ್ಟಗಾಗುತ್ತದಲ್ಲವೇ? ಹಾಗೆಯೇ ಹಗುರವಾದ ಸ್ಪೋರ್ಟ್ಸ್ ಕಾರಿನ ಬಲವೆಲ್ಲ ಎರಡು ಪಕ್ಕದ ಅಂಚುಗಳಲ್ಲಿ ಇರುತ್ತದೆ. ಅದನ್ನು ಹೆಚ್ಚು ಕೊರೆಯುವಂತಿಲ್ಲ. 1954ರಲ್ಲಿ ಮರ್ಸಿಡಿಸ್ ಬೆಂಜ್ 300 ಎಸ್.ಎಲ್. ಬಂದಾಗ ಈ ಹೊಸ್ತಿಲು ಎಷ್ಟು ಎತ್ತರವಾಗಿತ್ತೆಂದರೆ ಮಾಮೂಲು ಬಾಗಿಲಿಗೆ ಜಾಗವೇ ಸಿಗಲಿಲ್ಲ. ಬಾಗಿಲಿನ ಕೀಲನ್ನು ಚಾವಣಿಗೆ ಹಾಕಿ, ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ತೆರೆಯುವಂತೆ ಮಾಡಿದರು. ಚಾಲಕನ ತೊಡೆ ತೂರಲೆಂದು ಸ್ಟೀರಿಂಗ್ ಚಕ್ರವೂ ಕೆಳಕ್ಕೆ ಮಡಚಿಕೊಳ್ಳುತ್ತಿತ್ತು. ಜಗತ್ತು ಆ ರೆಕ್ಕೆಬಾಗಿಲನ್ನು ಸೌಂದರ್ಯವೆಂದು ಹೊಗಳಿತು. ಆದರೆ ಅದು ಹುಟ್ಟಿದ್ದು ಒಳಗೆ ಹೋಗುವ ಕಷ್ಟದಿಂದ! 1957ರಲ್ಲಿ ಅದೇ ಕಾರಿನ ತೆರೆದ ಮಾದರಿ ಬಂದಾಗ ಹೊಸ್ತಿಲನ್ನು ತಗ್ಗಿಸಿ ಮಾಮೂಲು ಬಾಗಿಲನ್ನೇ ಇಟ್ಟರು. ಇಂಗ್ಲೆಂಡಿನ ಲೋಟಸ್ ಕಂಪೆನಿ ಕೂಡ 2015ರಲ್ಲಿ ತನ್ನ ಇವೋರಾ ಕಾರನ್ನು ಸುಧಾರಿಸುವಾಗ ಹೊಸ್ತಿಲನ್ನು ಕಿರಿದು ಮಾಡಿ ತಗ್ಗಿಸಿತು.

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆ ಇದೆ. ಇಲ್ಲಿ ಮಾತ್ರ ನೆಲವೇ ಡೊಂಕು ಎಂದು ಕಾರು ಕಟ್ಟಿದವರೇ ಒಪ್ಪಿಕೊಂಡ ಹಾಗಾಯಿತು. ಹಾಗಿದ್ದ ಮೇಲೆ ನಮಗೇಕೆ ನಾಚಿಕೆ?

ನಡೆದು ಬಂದು ಗೆದ್ದವನು

ಫ್ರಾನ್ಸಿನ ಲ ಮಾನ್ ಎಂಬ ಊರಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾರು ಪಂದ್ಯ ನಡೆಯುತ್ತದೆ. ಹಿಂದೆ ಅಲ್ಲೊಂದು ಪದ್ಧತಿಯಿತ್ತು. ಬಾವುಟ ಬೀಸಿದೊಡನೆ ಚಾಲಕರು ರಸ್ತೆಯ ಆಚೆ ಬದಿಯಿಂದ ಓಡಿಬಂದು ಕಾರಿನೊಳಗೆ ಧುಮುಕಿ ಹೊರಡಬೇಕು. ಅವಸರದಲ್ಲಿ ಸೀಟ್ ಬೆಲ್ಟನ್ನು ಸರಿಯಾಗಿ ಕಟ್ಟಿಕೊಳ್ಳುವ ವ್ಯವಧಾನವೆಲ್ಲಿ? 1969ರ ಪಂದ್ಯದಲ್ಲಿ ಜಾಕಿ ಇಕ್ಸ್ ಎಂಬ ಬೆಲ್ಜಿಯಂ ದೇಶದ ಚಾಲಕ ಇದನ್ನು ಪ್ರತಿಭಟಿಸಿ ಓಡಲೇ ಇಲ್ಲ. ಎಲ್ಲರೂ ಓಡುತ್ತಿದ್ದಾಗ ತಾನು ನಿಧಾನವಾಗಿ ನಡೆದು ಬಂದು, ಫೋರ್ಡ್ ಜಿ.ಟಿ. 40 ಕಾರಿನೊಳಗೆ ಕೂತು, ಬೆಲ್ಟ್ ಬಿಗಿದುಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಹೊರಟ. ಮಾರನೆಯ ದಿನ ಕೂದಲೆಳೆಯಷ್ಟು ಅಂತರದಲ್ಲಿ ಗೆದ್ದವನು ಅವನೇ! ಮುಂದಿನ ವರ್ಷದಿಂದ ಓಡಿಬಂದು ಹತ್ತುವ ಪದ್ಧತಿಯೇ ನಿಂತುಹೋಯಿತು.

ನಿಧಾನವೇ ಪ್ರಧಾನ ಎಂಬುದು ನಮಗೆ ಹೊಸ ಮಾತಲ್ಲ. ಹಿಂದೆ ಆಟೋದವನು ಹಾರ್ನ್ ಮಾಡಲಿ, ಮನೆಯವರು ಗೊಣಗಲಿ, ಕಾರು ಹತ್ತುವಾಗ ಅರ್ಧ ನಿಮಿಷ ನಿಮ್ಮದು.

ಮಂಡಿಯ ಲೆಕ್ಕ

ನಾವು ಊಟಕ್ಕೆ ಕೂರುವ ಕುರ್ಚಿಯ ಎತ್ತರ ಸುಮಾರು 45 ಸೆಂಟಿಮೀಟರ್. ಕೂತಾಗ ಪಾದ ನೆಲಕ್ಕೆ ತಾಗಿ ತೊಡೆ ಸಮವಾಗಿರುತ್ತದೆ. ಏಳುವಾಗ ಪ್ರತಿಯೊಂದು ಮಂಡಿಯ ಮೇಲೂ ಮೈತೂಕದ ಎರಡು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ. ಸೀಟು ತಗ್ಗಿದಷ್ಟೂ ಮಂಡಿ, ಸೊಂಟಗಳ ಕೆಲಸ ಹೆಚ್ಚು. ನೆಲದ ಮಣೆಯಿಂದ ಏಳುವುದಕ್ಕೂ ಕುರ್ಚಿಯಿಂದ ಏಳುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಹೇಳಿಕೊಡಬೇಕೇ?

ಇದರ ಜೊತೆಗೆ ಒಂದು ಕಾಲನ್ನು ಒಳಗಿಟ್ಟು, ಇನ್ನೊಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ತಲೆ ಬಗ್ಗಿಸಿ, ಸೊಂಟ ತಿರುಚಿ ಒಳಗೆ ನುಗ್ಗುತ್ತೇವೆ. ಅಲ್ಲಿಗೆ ಒಂಟಿ ಮಂಡಿಯ ಮೇಲೆ ಭಾರವೂ ಬಿತ್ತು, ತಿರುಚೂ ಬಿತ್ತು. ಮಂಡಿಗೆ ಇದಕ್ಕಿಂತ ಬೇಡದ ಕೆಲಸ ಬೇರೆ ಇಲ್ಲ. ನಾವು ಮಾಡಬೇಕಾದ್ದು ಇಷ್ಟೇ: ಎರಡೂ ಕಾಲಿಗೆ ಸಮನಾಗಿ ಭಾರ ಹಂಚುವುದು, ತಿರುಚುವುದನ್ನು ಬಿಟ್ಟು ಮೈಯನ್ನು ಒಟ್ಟಾಗಿ ತಿರುಗಿಸುವುದು.

ಹತ್ತುವ ಕ್ರಮ: ಸೊಂಟ ಮೊದಲು, ಕಾಲು ಆಮೇಲೆ

ನೀವು ಎಡಗಡೆಯ ಮುಂದಿನ ಸೀಟಿಗೆ ಹೋಗುತ್ತೀರಿ ಎಂದಿಟ್ಟುಕೊಳ್ಳಿ. ಹಿಂದಿನ ಸೀಟಿಗಿಂತ ಇದೇ ವಾಸಿ, ಬಾಗಿಲು ಅಗಲ.

ಒಂದು: ಮೊದಲು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ. ಬೆನ್ನಿನ ಒರಗನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಬಾಗಿಲು ಪೂರ್ತಿ ತೆರೆಯಲಿ. ಅರೆಬಾಗಿಲಿನಲ್ಲಿ ತೂರುವ ಸಾಹಸ ಬೇಡ.

ಎರಡು: ಕೈಚೀಲ, ತೆಂಗಿನಕಾಯಿ, ತಾಂಬೂಲದ ಪೊಟ್ಟಣ ಎಲ್ಲವನ್ನೂ ಇನ್ನೊಬ್ಬರ ಕೈಗೆ ಕೊಟ್ಟುಬಿಡಿ. ಎರಡೂ ಕೈ ಖಾಲಿ ಇರಬೇಕು.

ಮೂರು: ಕಾರಿಗೆ ಬೆನ್ನು ಮಾಡಿ ನಿಲ್ಲಿ. ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎರಡೂ ಮೀನಖಂಡ ಹೊಸ್ತಿಲಿಗೆ ತಾಗುವವರೆಗೂ ಹೋಗಿ.

ನಾಲ್ಕು: ಎಡಗೈಯಲ್ಲಿ ಸೀಟಿನ ಒರಗನ್ನೋ ಬಾಗಿಲ ಹಿಂದಿನ ಕಂಬವನ್ನೋ ಹಿಡಿಯಿರಿ. ಬಲಗೈ ಮುಂದಿನ ಡ್ಯಾಶ್‌ಬೋರ್ಡಿನ ಮೇಲಿರಲಿ. ತೆರೆದ ಬಾಗಿಲಿನ ಮೇಲೆ ಮಾತ್ರ ಭಾರ ಹಾಕಬೇಡಿ. ಅದು ಕೀಲಿನ ಮೇಲಿದೆ, ಯಾವಾಗ ಸರಿದೀತೋ ಹೇಳಲಾಗದು.

ಐದು: ಗದ್ದ ಎದೆಗೆ ತಾಗುವಂತೆ ತಲೆ ಬಗ್ಗಿಸಿ. ಮಂಡಿ ನಿಧಾನವಾಗಿ ಮಡಿಸುತ್ತಾ ಸೀಟಿನ ಅಂಚಿಗೆ ಕೂತುಕೊಳ್ಳಿ. ಕಾಲು ಇನ್ನೂ ಹೊರಗೇ ಇರಲಿ. ಆಮೇಲೆ ಕೂತಲ್ಲಿಯೇ ಒಳಕ್ಕೆ ಸರಿಯಿರಿ.

ಆರು: ಈಗ ಎರಡು ಮಂಡಿಯನ್ನೂ ಜೋಡಿಸಿ, ಸೊಂಟ ಕಾಲು ಎಲ್ಲವೂ ಒಂದೇ ಮರದ ದಿಮ್ಮಿ ಎಂಬಂತೆ ಬಲಕ್ಕೆ ತಿರುಗಿ, ಕಾಲುಗಳನ್ನು ಒಳಗೆ ತಂದುಕೊಳ್ಳಿ. ಎರಡೂ ಒಟ್ಟಿಗೆ ಎತ್ತಲಾಗದಿದ್ದರೆ ಒಂದೊಂದಾಗಿ, ಕೈಯಿಂದ ತೊಡೆಯ ಕೆಳಗೆ ಆಸರೆ ಕೊಟ್ಟು ಎತ್ತಿ. ಆಮೇಲೆ ಸೀಟನ್ನು ಬೇಕಾದಷ್ಟು ಮುಂದಕ್ಕೆ ತಂದು, ಒರಗನ್ನು ನೇರ ಮಾಡಿ, ಬೆಲ್ಟ್ ಹಾಕಿಕೊಂಡರೆ ಆಯಿತು.

ಲಂಡನ್ನಿನ ಲೂಸಿ ಕ್ಲೇಟನ್ ಶಾಲೆ ಒಂದು ಕಾಲದಲ್ಲಿ ಹುಡುಗಿಯರಿಗೆ ನಡೆ ನುಡಿ ಕಲಿಸುವುದಕ್ಕೆ ಹೆಸರುವಾಸಿ. ಸ್ಪೋರ್ಟ್ಸ್ ಕಾರಿನಿಂದ ಮರ್ಯಾದೆಯಾಗಿ ಇಳಿಯುವುದೂ ಅಲ್ಲಿಯ ಪಾಠಗಳಲ್ಲಿ ಒಂದು. ಗಿಡ್ಡ ಲಂಗದ ಕಾಲ ಅದು. ಮಂಡಿ ಜೋಡಿಸಿ ತಿರುಗುವುದೇ ಅದರ ಗುಟ್ಟು. ಅವರು ಮಾನಕ್ಕಾಗಿ ಕಲಿತದ್ದು ನಮ್ಮ ಮಂಡಿಗೂ ಒಳ್ಳೆಯದೇ.

ಹೊಸ್ತಿಲು ತೀರಾ ಅಗಲವಾಗಿರುವ ಕಾರಾದರೆ ಸೀಟಿನ ಅಂಚು ಕೈಗೆ ಎಟುಕುವುದಿಲ್ಲ. ಆಗ ಮೊದಲು ಹೊಸ್ತಿಲಿನ ಮೇಲೆಯೇ ಕೂತು, ಕಾಲು ಒಳಗೆ ಹಾಕಿ, ಆಮೇಲೆ ಸೀಟಿಗೆ ಜಾರಿಕೊಳ್ಳಬೇಕು. ರೆಕ್ಕೆಬಾಗಿಲಿನ ಆ ಬೆಂಜ್ ಕಾರಿಗೂ ಹೀಗೆಯೇ ಹೋಗುತ್ತಿದ್ದುದು. ನಮ್ಮ ಜಗಲಿಯ ಮೇಲೆ ಕೂತು ಒಳಗೆ ತಿರುಗಿದ ಹಾಗೆ ಎಂದುಕೊಳ್ಳಿ.

ಇಳಿಯುವ ಕ್ರಮ: ಕಾಲು ಮೊದಲು, ಸೊಂಟ ಕೊನೆಗೆ

ನಿಜವಾದ ಕಷ್ಟ ಇಳಿಯುವುದರಲ್ಲಿದೆ. ಮೊದಲು ಬಾಗಿಲು. ಎಡಗಡೆ ಕೂತವರು ಎಡಬಾಗಿಲನ್ನು ಬಲಗೈಯಿಂದ ತೆರೆಯಿರಿ. ಮೈ ತಾನಾಗಿ ತಿರುಗಿ, ಹಿಂದಿನಿಂದ ಸೈಕಲ್ಲೋ ಬೈಕೋ ಬರುತ್ತಿದ್ದರೆ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಡಚ್ಚರ ಪದ್ಧತಿ ಎನ್ನುತ್ತಾರೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕಕ್ಕೂ 2022ರಲ್ಲಿ ಇದು ಸೇರಿತು.

ಬೆಲ್ಟ್ ಬಿಚ್ಚಿ, ಸೀಟನ್ನು ಮತ್ತೆ ಹಿಂದಕ್ಕೆ ಸರಿಸಿ. ಮಂಡಿ ಜೋಡಿಸಿ ಎಡಕ್ಕೆ ತಿರುಗಿ, ಎರಡೂ ಪಾದ ನೆಲದ ಮೇಲೆ ಊರಿ. ಸೀಟಿನ ಅಂಚಿಗೆ ಬನ್ನಿ. ಪಾದಗಳ ನಡುವೆ ಒಂದು ಗೇಣು ಅಂತರವಿರಲಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದಕ್ಕಿರಲಿ.

ಇಲ್ಲೊಂದು ಕ್ಷಣ ನಿಲ್ಲಿ. ರಕ್ತದೊತ್ತಡದ ಮಾತ್ರೆ ತಗೊಳ್ಳುವವರಿಗೆ, ದೂರ ಪ್ರಯಾಣ ಮಾಡಿದವರಿಗೆ ಥಟ್ಟನೆ ಎದ್ದರೆ ತಲೆ ಸುತ್ತುವುದುಂಟು. ಎರಡು ಸಲ ಉಸಿರಾಡಿ, ಪಾದ ಮೇಲೆ ಕೆಳಗೆ ಆಡಿಸಿ. ಆಮೇಲೆ ಮುಂದಕ್ಕೆ ಬಾಗಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿ! ನೆಟ್ಟಗೆ ಕೂತು ಮೇಲೇಳಲು ಹೋದರೆ ಭಾರ ಹಿಂದೆಯೇ ಉಳಿದು ಮತ್ತೆ ಸೀಟಿಗೇ ಬೀಳುತ್ತೇವೆ. ಬಾಗಿದಾಗ ಭಾರ ಪಾದದ ಮೇಲೆ ಬಂದು ಸೊಂಟ ಹಗುರಾಗಿ ಏಳುತ್ತದೆ. ಒಂದು ಕೈ ಸೀಟನ್ನು ಒತ್ತಲಿ, ಇನ್ನೊಂದು ಬಾಗಿಲ ಚೌಕಟ್ಟನ್ನು ಹಿಡಿಯಲಿ. ತಲೆ ಪೂರ್ತಿ ಹೊರಗೆ ಬಂದ ಮೇಲೆ ಬೆನ್ನು ನೆಟ್ಟಗಾಗಲಿ.

ತಾವೇ ಕಾರು ಓಡಿಸುವ ಸೋದರಿಯರಿಗೂ ಇದೇ ಕ್ರಮ, ಎಡ ಬಲ ಮಾತ್ರ ಅದಲು ಬದಲು. ಇಳಿಯುವ ಮೊದಲು ಸ್ಟೀರಿಂಗನ್ನು ಮೇಲಕ್ಕೆತ್ತಲು ಬರುವಂತಿದ್ದರೆ ಎತ್ತಿಬಿಡಿ.

ಎಲ್ಲಿ ನಿಲ್ಲಿಸಬೇಕು?

ಇದು ಚಿಕ್ಕ ವಿಷಯ, ಆದರೆ ಅರ್ಧ ಕಷ್ಟ ಇಲ್ಲೇ ಇದೆ. ತಗ್ಗಿನ ಕಾರನ್ನು ಫುಟ್‌ಪಾತಿಗೆ ತಾಗಿಸಿ ನಿಲ್ಲಿಸಿದರೆ ನಿಮ್ಮ ಪಾದ ಫುಟ್‌ಪಾತಿನ ಮೇಲೆ, ಸೀಟು ಇನ್ನೂ ಆರು ಅಂಗುಲ ಕೆಳಕ್ಕೆ ಹೋದ ಲೆಕ್ಕ! ಹಾಗಾಗಿ ಎರಡು ಮೂರು ಅಡಿ ದೂರ ನಿಲ್ಲಿಸಲು ಹೇಳಿ, ರಸ್ತೆಯ ಮೇಲೆಯೇ ಪಾದ ಊರಿ. ಎತ್ತರದ ಜೀಪಿನಂಥ ಗಾಡಿಗಾದರೆ ಅದೇ ಫುಟ್‌ಪಾತು ಮೆಟ್ಟಿಲಾಗಿ ಉಪಕಾರ ಮಾಡುತ್ತದೆ. ಚರಂಡಿಯ ಪಕ್ಕ, ಇಳಿಜಾರಿನಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದರೆ “ಸ್ವಲ್ಪ ಮುಂದೆ ತಗೊಳ್ಳಪ್ಪ” ಎಂದು ಧೈರ್ಯವಾಗಿ ಹೇಳಿ.

ಸೀರೆ, ಸೆರಗು, ಮುಡಿ

ನಿರಿಗೆಯನ್ನು ಎಡಗೈಯಲ್ಲಿ ಒಟ್ಟುಮಾಡಿ ಎರಡು ಬೆರಳು ಮೇಲಕ್ಕೆತ್ತಿ ಹಿಂದಕ್ಕೆ ಹೆಜ್ಜೆ ಇಡಿ, ಇಲ್ಲದಿದ್ದರೆ ಹಿಮ್ಮಡಿ ಸೀರೆಯ ಅಂಚನ್ನು ತುಳಿಯುತ್ತದೆ. ಆಸರೆ ಹಿಡಿದು ಕೂರುವ ಹೊತ್ತಿಗೆ ನಿರಿಗೆ ಬಿಟ್ಟು ಕೈ ಖಾಲಿ ಮಾಡಿಕೊಳ್ಳಿ. ಸೆರಗನ್ನು ಬೆನ್ನ ಹಿಂದೆ ಇಳಿಬಿಡದೆ ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿ. ಬಾಗಿಲು ಹಾಕುವ ಮುನ್ನ ಒಮ್ಮೆ ಕೆಳಗೆ ನೋಡಿ ಸೀರೆ, ಸೆರಗು, ದುಪಟ್ಟಾ ಎಲ್ಲವೂ ಮಡಿಲಲ್ಲಿವೆಯೇ ಖಚಿತಪಡಿಸಿಕೊಳ್ಳಿ.

ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ಹೆಸರಾಂತ ನರ್ತಕಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು ಹೀಗೆಯೇ. ಆಕೆ ಕೂತದ್ದು ಅಮಿಲ್ಕಾರ್ ಎಂಬ ತಗ್ಗಾದ, ತೆರೆದ ಸ್ಪೋರ್ಟ್ಸ್ ಕಾರಿನಲ್ಲಿ. ಕೊರಳಿಗೆ ಸುತ್ತಿಕೊಂಡ ಉದ್ದನೆಯ ರೇಷ್ಮೆ ವಸ್ತ್ರ ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಎಳೆಯಿತು. ನಮ್ಮ ದೇಶದಲ್ಲಿ ಬೈಕಿನ ಹಿಂಚಕ್ರಕ್ಕೆ ಅರ್ಧದಷ್ಟಾದರೂ ಮರೆ ಇರಬೇಕೆಂದು ಮೋಟಾರು ವಾಹನ ನಿಯಮವಿರುವುದೂ ಸೆರಗು ಸಿಕ್ಕದಿರಲೆಂದೇ. ಮದುವೆ ಮೆರವಣಿಗೆಗೆ ತೆರೆದ ಕಾರು ತರುವವರು ವಧುವಿನ ಸೆರಗನ್ನು ಎರಡೆರಡು ಸಲ ನೋಡಬೇಕು.

ಇನ್ನು ಸೀಟಿನ ಬಟ್ಟೆ. ಹತ್ತಿ ಸೀರೆ ಅದಕ್ಕೆ ಕಚ್ಚಿಕೊಂಡು ತಿರುಗಲು ಬಿಡುವುದಿಲ್ಲ. ನುಣುಪಾದ ಒಂದು ಪ್ಲಾಸ್ಟಿಕ್ ಚೀಲವನ್ನು ಸೀಟಿನ ಮೇಲೆ ಹಾಸಿ ಕೂತರೆ ಸಲೀಸಾಗಿ ತಿರುಗುತ್ತೀರಿ. ಆದರೆ ಕಾರು ಹೊರಡುವ ಮೊದಲು ಅದನ್ನು ಎಳೆದು ತೆಗೆದುಬಿಡಿ. ಬ್ರೇಕ್ ಹಾಕಿದಾಗ ಬೆಲ್ಟಿನ ಕೆಳಗೆ ಜಾರುವ ಅಪಾಯವಿದೆ. ಎತ್ತರ ಮುಡಿ, ದಪ್ಪ ಮಲ್ಲಿಗೆ ದಂಡೆ ತಗ್ಗಿನ ಚಾವಣಿಗೆ ತಾಗಿ ಉದುರುತ್ತವೆ. ಹೂವನ್ನು ಸ್ವಲ್ಪ ಕೆಳಗೆ ಮುಡಿಯಿರಿ, ಇಲ್ಲವೇ ತಲುಪಿದ ಮೇಲೆ ಮುಡಿಯಿರಿ. ಹಿಮ್ಮಡಿ ಎತ್ತರದ ಚಪ್ಪಲಿಗಿಂತ ಪಟ್ಟಿಯಿರುವ ಸಮ ಅಟ್ಟೆಯ ಚಪ್ಪಲಿ ಮೇಲು.

ಕೈ ಕೊಡುವವರಿಗೆ ಒಂದು ಮಾತು

ಅಮ್ಮನನ್ನೋ ಅತ್ತೆಯನ್ನೋ ಇಳಿಸುವಾಗ ದಯವಿಟ್ಟು ಅವರ ಕೈಹಿಡಿದು ಎಳೆಯಬೇಡಿ. ಭುಜ ಉಳುಕೀತು. ನಿಮ್ಮ ಮುಂಗೈಯನ್ನು ಗಟ್ಟಿಯಾಗಿ ಚಾಚಿ ನಿಲ್ಲಿ, ಅವರೇ ಹಿಡಿದುಕೊಂಡು ಏಳಲಿ. ನಿಮ್ಮ ಇನ್ನೊಂದು ಕೈ ಬಾಗಿಲ ಮೇಲಂಚಿಗೆ ಅಡ್ಡವಿರಲಿ, ತಲೆ ತಗುಲಿದರೂ ಪೆಟ್ಟಾಗದು. “ಬೇಗ ಬೇಗ” ಎನ್ನಬೇಡಿ. ಬಾಗಿಲ ಚೌಕಟ್ಟಿನಲ್ಲಿರುವ ಉಕ್ಕಿನ ಕೊಂಡಿಗೆ ಸಿಕ್ಕಿಸಿಕೊಳ್ಳುವ ಗಟ್ಟಿ ಹಿಡಿಗಳು ಈಗ ಸಿಗುತ್ತವೆ. ವಯಸ್ಸಾದವರಿರುವ ಮನೆಯ ಕಾರಿನಲ್ಲಿ ಅದೊಂದು ಇದ್ದರೆ ಒಳ್ಳೆಯದು.

ಸೊಂಟದ ಕೀಲು ಬದಲಿಸಿದವರಿಗೆ ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಸೊಂಟವನ್ನು ಲಂಬಕೋನಕ್ಕಿಂತ ಹೆಚ್ಚು ಮಡಿಸಬೇಡಿ ಎಂದು ವೈದ್ಯರು ಹೇಳುವುದುಂಟು. ಅವರಿಗೆ ತಗ್ಗಿನ ಕಾರು ಬೇಡವೇ ಬೇಡ, ಮುಂದಕ್ಕೆ ಬಾಗಿ ಏಳುವ ಕ್ರಮವೂ ಬೇಡ. ಎತ್ತರದ ಗಾಡಿ ತರಿಸಿ, ಸೀಟಿನ ಮೇಲೆ ಗಟ್ಟಿಯಾದ ದಿಂಬು ಹಾಕಿ, ಒರಗನ್ನು ಹಿಂದಕ್ಕೆ ವಾಲಿಸಿ, ತಮ್ಮ ವೈದ್ಯರ ಮಾತಿನಂತೆ ನಡೆಯಲಿ.

ಮನೆಯಲ್ಲೇ ಅಭ್ಯಾಸ

ಈ ವಿದ್ಯೆಗೆ ಕಾರೇ ಬೇಕೆಂದಿಲ್ಲ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ ಸಾಕು. ಮೊದಲು ಅದರ ಮೇಲೊಂದು ದಿಂಬಿಟ್ಟು, ಮೂಗು ಮುಂದಕ್ಕೆ ಬಾಗಿಸಿ ಐದು ಸಲ ಎದ್ದು ಕೂರಿ. ಧೊಪ್ಪನೆ ಬೀಳದೆ ನಿಧಾನವಾಗಿ ಕೂರುವುದರಲ್ಲೇ ತೊಡೆಯ ಸ್ನಾಯುಗಳಿಗೆ ವ್ಯಾಯಾಮ. ಕೆಲವು ದಿನಗಳ ಮೇಲೆ ದಿಂಬು ತೆಗೆಯಿರಿ, ಹತ್ತು ಸಲ ಮಾಡಿ. ಸಾರು ಕುದಿಯುವಷ್ಟರಲ್ಲಿ ಮುಗಿಯುವ ಕೆಲಸ! ನೋವು ಹೆಚ್ಚಾದರೆ ಮಾತ್ರ ನಿಲ್ಲಿಸಿ ವೈದ್ಯರನ್ನು ಕೇಳಿ. ಆಮೇಲೆ ಒಂದು ಮಧ್ಯಾಹ್ನ, ನಿಂತ ಕಾರಿನಲ್ಲಿ, ಯಾರೂ ನೋಡದಿರುವಾಗ ಎರಡು ಮೂರು ಸಲ ಹತ್ತಿ ಇಳಿದು ನೋಡಿ. ಕೈ ಎಲ್ಲಿ ಹಿಡಿಯಬೇಕು, ತಲೆ ಎಷ್ಟು ಬಗ್ಗಿಸಬೇಕು ಎಂಬುದು ಮೈಗೇ ತಿಳಿದುಬಿಡುತ್ತದೆ.

ಮುಂದಿನ ಸಲ ಮನೆಮುಂದೆ ಕಾರು ಬಂದು ನಿಂತಾಗ “ನೀವೆಲ್ಲ ಹೋಗಿ ಬನ್ನಿ” ಎನ್ನುವ ಮೊದಲು ಒಂದು ಗಳಿಗೆ ಯೋಚಿಸಿ. ತಂಗಿಯ ಮಗಳ ಸೀಮಂತ, ಜಾತ್ರೆಯ ತೇರು, ಹಳೇ ಗೆಳತಿಯ ಮನೆ, ಇವನ್ನೆಲ್ಲ ಒಂದು ಬಾಗಿಲಿಗಾಗಿ ಬಿಡಬೇಕೆ? ತಗ್ಗಿನ ಕಾರಿನ ಮುಂದೆ ತಲೆ ತಗ್ಗಿಸಬೇಕಾದ್ದು ನಿಜ. ಆದರೆ ಅದು ಚಾವಣಿ ತಗುಲದಿರಲೆಂದು ಮಾತ್ರ, ನಾಚಿಕೆಯಿಂದಲ್ಲ!